ಮಿರ್ಚಿ ನನ್ನದು, ತಂಬಾಕು ಅವರದು

ಕಳೆದ ವಾರ ಮಾನ್ವಿಯಿಂದ ಬಂದ ಮಗಳು ನನಗೊಂದು ಜೊತೆ ಚಪ್ಪಲಿ ತಂದಿದ್ದಳು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹೊಸ ತೊಗಲಿನ ವಾಸನೆ ಮೂಗಿಗೆ ಬಡಿಯಿತು. "ಹಾಕ್ಕೊಂಡು ನೋಡಪ್ಪಾ" ಎಂದು ಅವಳು ಹೇಳುತ್ತಲೇ ಇದ್ದಳು. ನಾನು ಮಾತ್ರ ರಾಯಚೂರಿನ ನಮ್ಮ ಅಕ್ಕಿ ಗಿರಣಿಯ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ನಿಂತಿದ್ದೆ...

ಆ ಮರದ ಕೆಳಗೆ ಚಪ್ಪಲಿ ಹೊಲಿಯುವವರೊಬ್ಬರು ಕೂಡುತ್ತಿದ್ದರು. ನನಗಿಂತ ಎರಡು ಮೂರು ವರ್ಷ ಹಿರಿಯರು. ಆಗ ನಾನು ಅವರನ್ನು 'ಲೇ' ಎಂದೇ ಕರೆಯುತ್ತಿದ್ದೆ. ಈಗ ಬರೆಯುವಾಗ ಕೈ ತಾನಾಗಿ 'ಅವರು' ಎನ್ನುತ್ತಿದೆ. ತಡವಾಗಿ ಬಂದ ಬುದ್ಧಿ.

ನಾನು ಆ ಗಿರಣಿಯಲ್ಲಿ ಗುಮಾಸ್ತ. ಹುಟ್ಟಿದ್ದು ಮಲ್ಲಟದಲ್ಲಿ, ಹೈಸ್ಕೂಲು ಮುಗಿಸಿದ್ದು ಮಾನ್ವಿಯಲ್ಲಿ. ಮನೆತನ ಮಡಿ ಆಚಾರದ್ದು. ಏಕಾದಶಿಗೆ ಉಪವಾಸ, ಅಡುಗೆಮನೆಗೆ ಉಳ್ಳಾಗಡ್ಡಿ ಬರುವಂತಿಲ್ಲ. ಹೊರಗೆ ಮಾತ್ರ ದಿನಾ ಬೆಳಿಗ್ಗೆ ಗಿರಣಿಯ ದಾರಿಯ ಬಂಡಿಯ ಮುಂದೆ ನಿಂತು ಒಂದು ಪ್ಲೇಟು ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆ, ನಾಲ್ಕು ಮಿರ್ಚಿ ಭಜಿ, ಮೇಲೊಂದು ಸಿಹಿ ಚಹಾ ಆಗಲೇಬೇಕು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಅನ್ನ ಬಿಡಿ ಎಂದರು. ಅನ್ನ ಬಿಟ್ಟೆ, ಮಂಡಾಳು ಬಿಡಲಿಲ್ಲ. ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಮಂಡಾಳು ಯಾವುದರಿಂದ ಆಗುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಊದಿದರೆ ಹಾರುವಷ್ಟು ಹಗುರ, ಅದೇನು ಮಾಡೀತು ಎಂದುಕೊಂಡಿದ್ದೆ. ಹದಿನೈದು ದಿನಕ್ಕೊಮ್ಮೆ ಏಕಾದಶಿ ಮಾಡುವವನಿಗೆ ಬೇರೆ ಪಥ್ಯ ಯಾಕೆ ಎಂಬ ಸೊಕ್ಕೂ ಇತ್ತು.

ಒಂದು ದಿನ ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಎರಡನ್ನೂ ಅವರ ಮುಂದೆ ನೆಲಕ್ಕೆ ಎಸೆದೆ. ಕೈಗೆ ಕೊಡುವ ರೂಢಿ ನನಗಿರಲಿಲ್ಲ. ಅವರು ಚಪ್ಪಲಿಯೊಳಗೆ ಬೆರಳಾಡಿಸಿ ತಲೆಯೆತ್ತಿದರು.

"ಆಚಾರ್ರ, ಮೊಳಿ ಒಳಗ ಬಂದಾದ್ರಿ. ತುದೀಗೆ ರಕ್ತ ಅದ. ಚುಚ್ಚಿದ್ದು ಗೊತ್ತಾಗ್ಲಿಲ್ಲೇನ್ರಿ?"

ಗೊತ್ತಾಗಿರಲಿಲ್ಲ, ಸಕ್ಕರೆಯಿಂದ ಕಾಲು ಜೋಮುಗಟ್ಟಿತ್ತು. ಕಾಲೆತ್ತಿ ನೋಡಿದರೆ ಅಂಗಾಲಿನಲ್ಲಿ ಕಡಲೆಯಷ್ಟು ಗಾಯ, ಸುತ್ತ ಬೆಳ್ಳಗಾದ ಚರ್ಮ. ಅವರು ಕೇಳದೆ ಹೇಳದೆ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಕುಡಿಯುವ ನೀರಿನಿಂದ ತೊಳೆದರು. "ನಮ್ಮ ಅಣ್ಣಂದೂ ಹಿಂಗ ಸುರು ಆತ್ರಿ. ಕಡೀಗೆ ಕಾಲs ತಗದ್ರು. ಇವತ್ತ ದವಾಖಾನಿಗೆ ಹೋಗ್ರಿ" ಎಂದರು.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಇನ್ನೊಮ್ಮೆ ಹೀಗಾದರೆ ಬೆರಳು ಉಳಿಯುವುದಿಲ್ಲ, ಕರಿದದ್ದು ಮತ್ತು ಮಂಡಾಳು ಬಿಡಿ, ದಿನಾ ನಡೆಯಿರಿ ಎಂದು ಡಾಕ್ಟರು ಗದರಿಸಿ ಕಳಿಸಿದರು. ಅದನ್ನು ಮರದ ಕೆಳಗೆ ಹೇಳಿದಾಗ ಅವರು ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತಿದ್ದರು.

"ನಾಲಗಿ ಕಟ್ಟೋದು ಹೇಳಿದಷ್ಟು ಸಸಾರ ಅಲ್ರಿ" ಎಂದು ನಕ್ಕರು.

"ನೀ ಮೊದ್ಲು ತಂಬಾಕು ಬಿಡಲೇ. ಆಮ್ಯಾಲೆ ನನಗ ಹೇಳು."

ಅವರು ತಂಬಾಕಿನ ಚೀಲವನ್ನು ತೆಗೆದು ಚರಂಡಿಗೆ ಎಸೆದೇಬಿಟ್ಟರು. "ಬಿಟ್ಟೆ ನೋಡ್ರಿ. ಮಿರ್ಚಿ ನಿಮ್ದು, ತಂಬಾಕು ನಂದು. ಇಬ್ರೂ ಬಿಡೋಣು." ಆಮೇಲೆ ನನ್ನ ಎರಡೂ ಚಪ್ಪಲಿಯ ಹಿಮ್ಮಡಿಗೆ ಹೊಸ ರಬ್ಬರು ಬಡಿದರು. "ದಿನಾ ನಡದ್ರ ಮೂರು ತಿಂಗಳಿಗೆ ಸವೀತಾವ. ನಾ ನೋಡ್ತೀನಿ."

ಒಂದು ವಾರ ನಡೆದೆ. ಎಂಟನೆಯ ದಿನ ಬಂಡಿಯಲ್ಲಿ ಮಿರ್ಚಿ ಎಣ್ಣೆಗೆ ಬಿದ್ದ ಸದ್ದಿಗೆ ಕಾಲು ನಿಂತವು. ಒಂದೇ ಒಂದು ಎಂದು ತಿಂದೆ. ಮಾರನೆಯ ದಿನ ಎರಡು. ಬೆಳಿಗ್ಗೆ ಗೇಟಿನ ಹತ್ತಿರ ಅವರು, "ನಡದ್ರೇನ್ರಿ?" ಎಂದು ಕೇಳುತ್ತಿದ್ದರು. "ಮಾವಿನಕೆರಿ ತನಕ ಹೋಗಿ ಬಂದೆ" ಎನ್ನುತ್ತಿದ್ದೆ. ಮನೆಯಲ್ಲಿ ಹೆಂಡತಿಗೂ ಅದೇ ಸುಳ್ಳು. ಅವರ ಬಾಯಿ ಮಾತ್ರ ಸ್ವಚ್ಛವಾಗಿರುತ್ತಿತ್ತು. ಸಣ್ಣದಕ್ಕೂ ಸಿಡುಕುತ್ತಿದ್ದರು, ಲವಂಗ ಜಗಿಯುತ್ತಿದ್ದರು. ಪಾಪ, ಎಷ್ಟು ಕಷ್ಟಪಡುತ್ತಿದ್ದಾರೆ ಎಂದು ಮರುಕವಾಗುತ್ತಿತ್ತು. ಆದರೂ ಮರುದಿನ ಮತ್ತೆ ಬಂಡಿಯ ಮುಂದೆ ನಿಲ್ಲುತ್ತಿದ್ದೆ.

ಮೂರು ತಿಂಗಳಾದ ಮೇಲೆ ಚಪ್ಪಲಿ ಕೇಳಿದರು. ಗಿರಣಿಯ ನಾಲ್ಕು ಜನ ಹಮಾಲರು ಅಲ್ಲೇ ಬೀಡಿ ಸೇದುತ್ತ ಕೂತಿದ್ದರು. ಹೊಲಿಯುವವರು ಚಪ್ಪಲಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹಿಮ್ಮಡಿ ಹಾಕಿದ್ದು ಹಾಕಿದಂಗ ಅದ. ಮುಂದ ಪಟ್ಟಿ ಮ್ಯಾಲೆ ಎಣ್ಣಿ ಬಿದ್ದಾದ. ಆಚಾರ್ರ, ಮಾವಿನಕೆರಿಯಾಗ ನೀರು ಹೋಗಿ ಎಣ್ಣಿ ತುಂಬ್ಯಾದೇನ್ರಿ?"

ಹಮಾಲರು ಹೋ ಎಂದು ನಕ್ಕರು. ನನ್ನ ಮೈಯೆಲ್ಲ ಉರಿಯಿತು.

"ಚಪ್ಪಲಿ ಹೊಲಿಯಾಂವ ಹೊಲಕೊಂತ ಕುಂದ್ರು. ನಿನ್ನ ಜಾಗಾ ಯಾವುದಂತ ತಿಳಕೊಂಡು ಮಾತಾಡಲೇ!"

ನಗು ನಿಂತಿತು. ಅವರು ಪಟ್ಟಿಯ ಮೇಲಿನ ಎಣ್ಣೆಯನ್ನು ಅರಿವೆಯಿಂದ ಒರೆಸಿ, ಚಪ್ಪಲಿಗಳನ್ನು ನನ್ನ ಕಾಲ ಬಳಿ ಜೋಡಿಸಿ ಇಟ್ಟರು. ಆ ಮಾತು ಬಾಯಿಂದ ಬಿದ್ದ ಗಳಿಗೆಯೇ ತಪ್ಪೆಂದು ಗೊತ್ತಾಗಿತ್ತು. ಆದರೂ ಬೆನ್ನು ತಿರುಗಿಸಿ ಒಳಗೆ ಹೋದೆ...

ಮಾರನೆಯ ಬೆಳಿಗ್ಗೆ ಬಂಡಿಯ ಮುಂದೆ ನಿಲ್ಲಲಾಗಲಿಲ್ಲ. ನಿಜವಾಗಿಯೂ ಮಾವಿನಕೆರೆಯ ತನಕ ನಡೆದೆ. ಆರೋಗ್ಯಕ್ಕೆಂದು ಅಲ್ಲ. ಅವಮಾನ ನುಂಗಿಕೊಂಡೂ ತಂಬಾಕು ಮುಟ್ಟದ ಮನುಷ್ಯನ ಎದುರು ಹಾದುಹೋಗಬೇಕಲ್ಲ, ಅದಕ್ಕೆ. ಆಮೇಲೆ ನಡೆಯುವುದು ಹಲ್ಲುಜ್ಜಿದಷ್ಟೇ ಸಹಜವಾಯಿತು. ಹೆಂಡತಿಗೆ ನಿಜ ಹೇಳಿದೆ. ಅವಳು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ತಟ್ಟೆಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ಮದುವೆ ಮನೆಗಳಲ್ಲಿ ಜಾರುತ್ತಿದ್ದೆ, ಮರುದಿನ ಮತ್ತೆ ದಾರಿಗೆ ಬರುತ್ತಿದ್ದೆ. ಸಕ್ಕರೆಯಿಲ್ಲದ ಚಹಾ ರುಚಿಸಲು ಒಂದು ವರ್ಷ ಬೇಕಾಯಿತು.

ಹಿಮ್ಮಡಿ ಸವೆಯಿತು. "ಈಗ ಸವದಾವ ನೋಡ್ರಲೇ!" ಎಂದು ಅವರೇ ಹಮಾಲರಿಗೆ ಎತ್ತಿ ತೋರಿಸಿದರು. ರಬ್ಬರು ಎಷ್ಟು ಸಲ ಬದಲಾಯಿಸಿದರೋ ನೆನಪಿಲ್ಲ. ಆಗಿನಿಂದ ನಾನು ಚಪ್ಪಲಿಯನ್ನು ಅವರ ಕೈಗೇ ಕೊಡುತ್ತಿದ್ದೆ. ಆದರೆ 'ತಪ್ಪಾತು' ಎಂಬ ಒಂದು ಮಾತು ಮಾತ್ರ ಗಂಟಲು ದಾಟಲಿಲ್ಲ. ನಾಳೆ ಹೇಳೋಣ ಎನ್ನುತ್ತಿದ್ದೆ. ಒಂದು ದಿನ ಮರದ ಕೆಳಗೆ ಅವರಿರಲಿಲ್ಲ. ಮೊಣಕಾಲು ಹಿಡಿದುಕೊಂಡಿದೆ, ದೇವದುರ್ಗದಲ್ಲಿ ನರ್ಸ್ ಆಗಿರುವ ಮಗಳು ಕರೆದುಕೊಂಡು ಹೋದಳು ಎಂದು ಹಮಾಲರು ಹೇಳಿದರು.

ದೇವದುರ್ಗವೇನು ದೂರವೇ? ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದು. ಹಾಗಿದ್ದೂ ಏಳು ವರ್ಷ 'ನಾಳೆ' ಎಂದೆ. ಹೋದ ವರ್ಷ ಕೊನೆಗೂ ಹೋದಾಗ ಗೋಡೆಯ ಮೇಲೆ ಅವರ ಫೋಟೋ ಇತ್ತು, ಹಾರ ಹಾಕಿದ್ದರು. ನಾಲ್ಕು ತಿಂಗಳಾಗಿತ್ತು.

"ಗಿರಣಿ ಆಚಾರ್ರಲ್ರಿ ನೀವು? ಬರ್ರಿ, ಕುಂದರ್ರಿ" ಎಂದು ಅವರ ಮಗಳು ಕೇಳದೆಯೇ ಸಕ್ಕರೆಯಿಲ್ಲದ ಚಹಾ ತಂದಿಟ್ಟಳು. ಅವಳ ಮುಂದೆ ಎಲ್ಲವನ್ನೂ ಹೇಳಿದೆ. ನಾನಂದ ಆ ಮಾತನ್ನೂ ಇದ್ದದ್ದು ಇದ್ದಂತೆಯೇ ಹೇಳಿದೆ. ಅವಳು ಫೋಟೋದ ಹಾರ ಸರಿಮಾಡಿದಳು.

"ಆ ಮಾತು ಅಪ್ಪ ಮನ್ಯಾಗ ಒಮ್ಮಿನೂ ಹೇಳಿಲ್ರಿ" ಎಂದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಆದ್ರ ಅಪ್ಪ ರಾಯಚೂರಾಗ ತಂಬಾಕು ಎಲ್ಲಿ ಬಿಟ್ಟಿದ್ದ? ನೀವು ಗೇಟಿನೊಳಗ ಹೋಗೋ ತನಕ ತಡಕೊಂತಿದ್ದ, ನೀವು ಹೋದಮ್ಯಾಲೆ ಹಾಕ್ಕೊಂತಿದ್ದ. ಖರೇ ಬಿಟ್ಟಿದ್ದು ಇಲ್ಲಿಗೆ ಬಂದಮ್ಯಾಲೆ. 'ಆಚಾರ್ರು ಹಟಾ ಹಿಡಿದು ಸಾಧಿಸಿದ್ರು, ನಾ ಸುಳ್ಳು ಹೇಳಿದೆ. ಯಾವತ್ತರೆ ಮನಿಗೆ ಬಂದ್ರ ಏನಂತ ಮಾರಿ ತೋರಿಸ್ಲಿ' ಅಂದು ಒಮ್ಮಿಗೇ ಬಿಟ್ಟ. ಕಡೀತನಕ ಮುಟ್ಟಲಿಲ್ಲರಿ."

ನಾನೂ ನಕ್ಕೆ. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡೆ. ಅವರ ಸುಳ್ಳನ್ನು ನಂಬಿ ನಾನು ಬದಲಾದೆ. ನಾನು ಬದಲಾದದ್ದನ್ನು ನೋಡಿ ಅವರು ತಮ್ಮ ಸುಳ್ಳನ್ನು ನಿಜ ಮಾಡಿದರು.

ಈಗ ನನಗೆ ಎಪ್ಪತ್ತು ದಾಟಿದೆ. ಸಕ್ಕರೆ ಹಿಡಿತದಲ್ಲಿದೆ, ಕಾಲಿನ ಹತ್ತೂ ಬೆರಳು ನನ್ನ ಹತ್ತಿರವೇ ಇವೆ. ನೆಮ್ಮದಿಯಾಗಿದ್ದೇನೆ. ಬೆಳಿಗ್ಗೆ ನಡೆಯುವಾಗ ಒಮ್ಮೊಮ್ಮೆ ಒಬ್ಬನೇ ನಗುತ್ತೇನೆ. "ಏನಾತ್ರಿ ಆಚಾರ್ರ?" ಎಂದು ಎದುರಿಗೆ ಬಂದವರು ಕೇಳುತ್ತಾರೆ. ಏನಿಲ್ಲ ಎಂದು ಮುಂದೆ ಹೋಗುತ್ತೇನೆ. ಅವರಿರುವಾಗ ಒಂದೇ ಒಂದು ದಿನ ಹೋಗಿದ್ದರೂ ಇಬ್ಬರೂ ಎದುರುಬದುರು ಕೂತು, ಇಬ್ಬರೂ ಕಳ್ಳರೇ ಎಂದು ನಗಬಹುದಿತ್ತು. ಆ ನಗುವಿನ ನಡುವೆ 'ತಪ್ಪಾತು' ಎನ್ನುವುದು ಎಷ್ಟು ಸುಲಭವಾಗುತ್ತಿತ್ತು... ಮಿರ್ಚಿ ಬಿಡಲು ಮೂರು ತಿಂಗಳು ತಡ ಮಾಡಿದ್ದಕ್ಕೆ ದೇಹ ನನ್ನನ್ನು ಕ್ಷಮಿಸಿತು. ಆ ಒಂದು ಮಾತಿಗೆ ಕ್ಷಮಿಸಬೇಕಾದವರು ಮಾತ್ರ ಈಗಿಲ್ಲ.