ಹೆಸರಿಗೆ ಬದಲು ಒಂದು ಸಿಳ್ಳೆ

ನಮ್ಮ ಯಜಮಾನರಿಗೆ ಹಲ್ಲು ಕಟ್ಟಿಸಲೇಬೇಕೆಂದು ಹಟ ಹಿಡಿದವಳು ನಾನೇ. ಪೇರಲಹಣ್ಣು ಕಚ್ಚಲಿಕ್ಕೆ ಬರಲಿ ಎಂದು ಊರಿಗೆಲ್ಲ ಹೇಳಿದೆ. ಪೇರಲ ಯಾರಿಗೆ ಬೇಕಾಗಿತ್ತು! ನನಗೆ ಬೇಕಾಗಿದ್ದದ್ದು ಅವರ ಸಿಳ್ಳೆ.

ಬೇಮಳಖೇಡಕ್ಕೆ ಸೊಸೆಯಾಗಿ ಬಂದಾಗ ಮನೆ ತುಂಬ ಜನ. ಅತ್ತೆ ಮಾವನ ಮುಂದೆ ಗಂಡನಾದವನು ಹೆಂಡತಿಯ ಹೆಸರು ಹಿಡಿದು ಕರೆದರೆ ಮರ್ಯಾದೆಗೇಡು. ಹಾಗಾಗಿ ನಮ್ಮವರು ಸಿಳ್ಳೆ ಹಾಕುತ್ತಿದ್ದರು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಅವರಿಗೊಂದು ಸಂದು ಇತ್ತು. ನಾಲಿಗೆಯನ್ನು ಅದಕ್ಕೊತ್ತಿ ಊದಿದರೆ ಉದ್ದಕ್ಕೆ ಎದ್ದು ಕೊನೆಗೆ ಗಕ್ಕನೆ ಮುರಿಯುವ ದನಿ. ಎಮ್ಮೆಗಳಿಗೆ ಬೇರೆ ಸಿಳ್ಳೆ, ನನಗೆ ಬೇರೆ. ಆಚೆ ಬದುವಿನಿಂದ ಅದು ಕೇಳಿಸಿದರೆ ಬುತ್ತಿ ಬಿಚ್ಚುವ ಹೊತ್ತಾಯಿತೆಂದರ್ಥ. "ಎಮ್ಮೀನ ಕರ್ಯಾಕತ್ತಾನೋ, ಹೆಂಡ್ತೀನ ಕರ್ಯಾಕತ್ತಾನೋ, ದೇವ್ರಿಗೇ ಗೊತ್ತು" ಎಂದು ಅತ್ತೆ ಗೊಣಗುತ್ತಿದ್ದರು. ನನಗೆ ನಾಚಿಕೆ, ಆದರೂ ಕಿವಿ ಅತ್ತಲೇ ಇರುತ್ತಿತ್ತು.

ಹೋದ ವರ್ಷ ನೀರು ಕುಡಿಸುವಾಗ ಎತ್ತು ನೊಣ ಓಡಿಸಲು ಕತ್ತು ಕೊಡವಿತು. ಕೋಡು ಬಾಯಿಗೆ ಬಡಿದು ಆ ಎರಡೂ ಹಲ್ಲು ಹೋದವು. ನೋಡಲು ಬಂದವರೆಲ್ಲ ಹಲ್ಲು–ಕಡಲೆಯ ಅದೇ ಗಾದೆ ಹೇಳಿ, ಚಹಾ ಕುಡಿದು ಹೋದರು. ಅವರ ಬಾಯಿಗಿಷ್ಟು ಮಣ್ಣು ಹಾಕ! ಗಾಯವೇನೋ ಮಾಯಿತು. ಇವರು ಹೊಲದಿಂದ ಮಿಸ್ ಕಾಲ್ ಕೊಡತೊಡಗಿದರು. ಆ ಮೊಬೈಲು ಬಡಿದುಕೊಂಡಾಗಲೆಲ್ಲ, ಸುಳ್ಳೇಕೆ, ನನಗೆ ಅಳು ಬರುತ್ತಿತ್ತು.

ನನ್ನ ತವರು ಬಸವಕಲ್ಯಾಣ. ಅಲ್ಲಿ ಅಣ್ಣನಿಗೆ ಗುರುತಿದ್ದ ಹಲ್ಲಿನ ಡಾಕ್ಟರಮ್ಮನ ಹತ್ತಿರ, ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಹೋದೆವು. ಇನ್ನೂ ಚಿಕ್ಕ ವಯಸ್ಸಿನಾಕೆ. ಖಾಲಿ ಜಾಗದ ಎರಡೂ ಬದಿಯ ಹಲ್ಲುಗಳನ್ನು ತುಸು ಅರೆದು, ಅವುಗಳ ಮೇಲೆ ಟೋಪಿ ಕೂರಿಸಿ, ನಡುವೆ ಎರಡು ಹೊಸ ಹಲ್ಲು ಹಿಡಿಸುತ್ತಾರಂತೆ. ಅದಕ್ಕೇ ಬ್ರಿಡ್ಜ್ ಎನ್ನುತ್ತಾರೆ.

"ಗಟ್ಟಿ ಇರ್ತದೇನ್ರಿ?" ಎಂದೆ.

"ಇರ್ತದ್ರಿ ಕಾಕಿ. ಆದ್ರ ಕಾಕಾ ಕಬ್ಬು ಸಿಗಿಯಂಗಿಲ್ಲ."

ಅಚ್ಚು ತೆಗೆಯುವಾಗ ನನ್ನನ್ನು ಹೊರಗೆ ಕೂರಿಸಿದರು. ಸಿಳ್ಳೆಯ ಮಾತು ನಾಲಿಗೆ ತುದಿಗೆ ಬಂದಿತ್ತು. ಮೊಮ್ಮಕ್ಕಳಾದ ಮೇಲೆ ಆ ಹುಡುಗಿಯ ಮುಂದೆ ಹೇಗೆ ಹೇಳಲಿ? ನುಂಗಿಕೊಂಡೆ.

ವಾರ ಬಿಟ್ಟು ಮತ್ತೆ ಹೋಗಿ ಹಲ್ಲು ಕೂರಿಸಿಕೊಂಡು ಮರಳುವಾಗ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಇವರು ನನ್ನ ಮುಂದೆ ಬಾಯ್ತುಂಬ ನಕ್ಕರು. ಹಲ್ಲುಗಳು ಒಂದಕ್ಕೊಂದು ಅಂಟಿ ನಿಂತಿದ್ದವು.

"ಸಂದು ಎಲ್ಲಿ ಹೋತ್ರಿ?"

"ಮುಚ್ಚಿಸಿಬಿಟ್ಟೆ! ಮೊದ್ಲಿನಂಗ ಸಂದು ಬಿಡ್ಲೇನ್ರಿ ಅಂತ ಡಾಕ್ಟ್ರು ಕೇಳಿದ್ರು. ಬ್ಯಾಡ್ರಿ ಅಂದೆ. ನಿನ್ನ ನೋಡಾಕ ಬಂದಾಗ ಬಾಗ್ಲ ಹಿಂದ ನಿಂತು ಇದನ್ನೇ ನೋಡಿ ನಕ್ಕಿದ್ಯಲ್ಲ? ಈಗರ ಚಂದ ಕಾಣ್ತೀನೇನು?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರಲ್ಲ ಈ ಮನುಷ್ಯ! "ಮದುಮಗ ಆಗೀರಿ ಬಿಡ್ರಿ" ಎಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಆದರೂ ಆಸೆ ಬಿಡಬೇಕಲ್ಲ. ಮರುದಿನ ಕೊಟ್ಟಿಗೆಯಲ್ಲಿ ಯಾರೂ ಇಲ್ಲದಾಗ ಕೇಳಿಯೇಬಿಟ್ಟೆ: "ನನ್ನ ಸಿಳ್ಳಿ ಒಂದ್ಸಲ ಹಾಕ್ರಿ." ಊದಿದರು. ಬರೀ ಗಾಳಿ. ತುಟಿ ಒರೆಸಿಕೊಂಡು ಮತ್ತೆ ಊದಿದರು. ಎಮ್ಮೆ ಕೂಡ ಕಿವಿ ಆಡಿಸಲಿಲ್ಲ. ನನ್ನ ಮುಖ ನೋಡಿ ಇವರಿಗೆ ತಿಳಿಯಿತು.

"ಇದಕ್ಕಾ ಹಲ್ಲು ಕಟ್ಸಿದಿ? ಹುಚ್ಚಿ, ಮೊದ್ಲ ಹೇಳಬಾರ್ದೇನು?"

ಆ ವಾರವೇ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದೆವು. ಹೊತ್ತು ನೆತ್ತಿಗೇರಿತ್ತು. ಆಚೆ ಬದುವಿನ ಮೇಲೆ ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಇವರು ನನ್ನ ಹೆಸರು ಕೂಗಿದರು. ಮದುವೆಯಾದಂದಿನಿಂದ ನಾಲ್ಕು ಜನರೆದುರು ಮೊದಲ ಸಲ! ಅತ್ತೆ ಮಾವ ಈಗಿಲ್ಲ, ಆದರೂ ನನ್ನ ಕೈ ಸೆರಗಿಗೆ ಹೋಯಿತು. ನಾನು ಓಗೊಡುವಷ್ಟರಲ್ಲಿ ಪಕ್ಕದ ಹೊಲದ ಹೊಸ ಸೊಸೆ ಕುಡುಗೋಲು ಹಿಡಿದು ಎದ್ದು ನಿಂತಳು.

"ಕರದ್ರೇನ್ರಿ ಕಾಕಾ?"

ಅವಳದೂ ಅದೇ ಹೆಸರು. "ನಿನಗಲ್ಲವ್ವ, ನಮ್ಮಾಕೀಗಿ" ಎಂದು ಇವರು ಕೂಗಿದರು. ಹೊಲದವರೆಲ್ಲ ನಕ್ಕರು, ನಾನೂ ನಕ್ಕೆ. ಬುತ್ತಿ ಎತ್ತಿಕೊಂಡು ಅವರತ್ತ ನಡೆದೆ. ಸಿಳ್ಳೆಗಾದರೆ ನಾನೊಬ್ಬಳೇ ಏಳುತ್ತಿದ್ದೆ.