ಮಂತ್ರಿಯ ಸಹಿಗೆ ಪ್ಲಾಸ್ಟಿಕ್ ಹೊದಿಕೆ

ನನ್ನ ಅಣ್ಣ ಚಿನ್ನದ ಗಣಿಯ ಸ್ಟೋರಿನಲ್ಲಿ ಗುಮಾಸ್ತನಾಗಿದ್ದವನು. ಗಣಿ ಮುಚ್ಚಿದ ಮೇಲೆ ಅವನಿಗೆ ಹಳೆಯ ಸಹಿಗಳ ಹುಚ್ಚು ಹಿಡಿಯಿತು. ಮುನ್ನೂರು ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ರಾಜರಾಣಿಯರ ಬಳಿ ಇದ್ದ ಮಂತ್ರಿಗಳು ರುಜು ಹಾಕಿದ ಕಾಗದಗಳನ್ನು ಅಂಚೆಯಲ್ಲಿ ತರಿಸಿ, ಆಂಡರ್ಸನ್‌ಪೇಟೆಯ ಮನೆಯ ಟ್ರಂಕಿನಲ್ಲಿಡುತ್ತಿದ್ದ. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕಾಗದ ಬರೆದವನು ಯಾರೋ ಗುಮಾಸ್ತ, ಕೆಳಗಿನ ಸಹಿಯೊಂದೇ ಮಂತ್ರಿಯ ಕೈಯದು ಎಂದು ನನಗೆ ವಿವರಿಸುತ್ತಿದ್ದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದರ ಒಂದಕ್ಷರವೂ ತಿಳಿಯದು.

ಹೋದ ವರ್ಷ ಅವನ ಕಣ್ಣಿನ ಪೊರೆ ತೆಗೆಸಿದಾಗ, ನೋಡಿಕೊಳ್ಳಲು ತಂಗಿಯಾದ ನಾನು ಬೂದಿಕೋಟೆಯಿಂದ ಬಂದೆ. ಕನ್ನಡಕ ಬರುವವರೆಗೆ ಅವನಿಗೆ ಎಲ್ಲವೂ ಮಸುಕು, ಸಣ್ಣದೇನನ್ನೂ ನೋಡಬಾರದು ಎಂದು ಡಾಕ್ಟರು ಹೇಳಿದ್ದರು. ಬೀಗದಕೈ ಕೊಟ್ಟು, ಟ್ರಂಕಿಗೆ ಗಾಳಿಯಾಡಿಸಲು ನನಗೆ ಹೇಳಿದ. ಅವನಿಗೆ ಎಲ್ಲಕ್ಕಿಂತ ಪ್ರಿಯವಾದ, ಒಬ್ಬ ರಾಣಿಯ ಖಜಾನೆ ಮಂತ್ರಿಯ ಸಹಿಯಿದ್ದ ಕಾಗದದ ಮೂಲೆಯನ್ನು ಹುಳು ತಿಂದಿತ್ತು. ನಮ್ಮ ಮನೆಯಲ್ಲಿ ರೇಷನ್ ಕಾರ್ಡು, ಅಪ್ಪನ ಗಣಿಯ ಗುರುತುಚೀಟಿ, ಹೀಗೆ ಬೆಲೆಯುಳ್ಳದ್ದಕ್ಕೆಲ್ಲ ಲ್ಯಾಮಿನೇಷನ್ ಆಗಿದೆ. ಇದನ್ನೂ ಜೆರಾಕ್ಸ್ ಅಂಗಡಿಗೆ ಒಯ್ದು ಮಾಡಿಸಿದೆ. ಬಿಸಿಬಿಸಿಯಾಗಿ, ಫಳಫಳ ಹೊಳೆಯುತ್ತ ಬಂತು.

ಖುಷಿಯಿಂದ ಮನೆಗೆ ಬಂದರೆ ಅಣ್ಣ ಫೋನಿನಲ್ಲಿ ಯಾರಿಗೋ ಬುದ್ಧಿ ಹೇಳುತ್ತಿದ್ದ. ಹಳೇ ಕಾಗದಕ್ಕೆ ಶಾಖ, ಅಂಟು, ಪ್ಲಾಸ್ಟಿಕ್ ತಾಗಿಸಿದರೆ ಅದನ್ನು ಕೊಂದ ಹಾಗೆ ಎನ್ನುತ್ತಿದ್ದ. ನಾನು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಸಂಜೆಯಾದರೆ ಆ ಕಾಗದವನ್ನೇ ನನ್ನ ಕೈಲಿ ತೆಗೆಸಿ, ಹೇಗಿದೆ ಹೇಳು ಎಂದು ಕೇಳುತ್ತಿದ್ದ. ಸಹಿಯ ಬಾಲ ಎತ್ತ ತಿರುಗಿದೆ, ಶಾಯಿ ಕಂದಾಗಿದೆಯೋ ಕಪ್ಪೋ ಎಂದು ನಾನು ವರ್ಣಿಸಬೇಕು. ಒಮ್ಮೆ ಕಿವಿ ನಿಮಿರಿಸಿ ಕೇಳಿದ:

"ಏನ್ಲೇ ಅದು ಸದ್ದು?"

"ಬ್ರೆಡ್ ಕವರಣ್ಣಾ."

ಕಣ್ಣು ಕಾಣದವನಿಗೆ ಹೀಗೆ ಸುಳ್ಳು ಹೇಳಿದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಲ್ಯಾಮಿನೇಷನ್ ತಿಳಿಯದೆ ಮಾಡಿದ್ದು. ಸುಳ್ಳು ತಿಳಿದೇ ಹೇಳಿದ್ದು.

ಬಂಗಾರಪೇಟೆಯಲ್ಲಿ ಕನ್ನಡಕ ಸಿಕ್ಕ ದಿನ, ಮನೆಗೆ ಮರಳುವ ಮಾರಿಕುಪ್ಪಂ ರೈಲಿನಲ್ಲಿ ಅಣ್ಣ ಮಗುವಿನ ಹಾಗೆ ಬೋರ್ಡುಗಳನ್ನೆಲ್ಲ ಓದುತ್ತ ಕೂತಿದ್ದ. ಮನೆಗೆ ಹೋದ ಕೂಡಲೇ ಟ್ರಂಕು ತೆಗೆಯುತ್ತೇನೆ ಎಂದ. ಅವನೇ ತೆಗೆದು ನೋಡಿದರೆ ಇನ್ನೆಂದೂ ನನ್ನ ಮಾತು ನಂಬಲಾರ ಅನ್ನಿಸಿತು.

"ಅಣ್ಣಾ, ಆ ರಾಣಿ ಮಂತ್ರೀದನ್ನ ಲ್ಯಾಮಿನೇಷನ್ ಮಾಡ್ಸಿಬುಟ್ಟೆ."

ಅವನು ಕಿಟಕಿಯಿಂದ ಮುಖ ತಿರುಗಿಸಿದ. "ಮತ್ತೆ ದಿನಾ ನೋಡಿ ಹೇಳ್ತಿದ್ದೆಯಲ್ಲೇ?"

"ಪ್ಲಾಸ್ಟಿಕ್ ಮೇಲಿಂದ್ಲೇ ನೋಡ್ತಿದ್ದೆ."

ಮನೆಗೆ ಬಂದ ಮೇಲೆ ನನ್ನ ಕೈಲಿ ಬೀಗ ತೆಗೆಸಿದ. ಆ ಕಾಗದವನ್ನು ಹೊರತೆಗೆದು, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಇನ್ನು ಬಿಡಿಸಲು ಹೋದರೆ ಹರಿಯುತ್ತದೆ, ಹೀಗೇ ಇರಬೇಕು ಎಂದ. ದನಿಯಲ್ಲಿ ಸಿಟ್ಟಿತ್ತು. ನಾನು ಅಳುತ್ತ ನಿಂತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ತಮಿಳಮ್ಮ ಸಾರು ತಂದರು. ಆ ಕಾಗದಗಳನ್ನು ಅವರಿಗೆ ದೂರದಿಂದಲೂ ತೋರಿಸಿದವನಲ್ಲ ಅಣ್ಣ. ಏನನ್ನಿಸಿತೋ, ಅದನ್ನು ಅವರತ್ತ ಚಾಚಿದ. ಅವರು ಕೈ ಒದ್ದೆ ಎಂದು ಹಿಂಜರಿದರು.

"ಹಿಡ್ಕೊಳಮ್ಮಾ. ಇನ್ನೇನೂ ಆಗಲ್ಲ ಅದಕ್ಕೆ."

ಅವರು ತಿರುಗಿಸಿ ತಿರುಗಿಸಿ ನೋಡಿದರು. "ಯಾರ್ ಸೈನು ಇದು? ಎಮ್ಮೆಲ್ಲೇದಾ?"

"ಇಂಗ್ಲೆಂಡ್ ಮಂತ್ರೀದು."

"ಈಗ್ಲೂ ಅವ್ರೇನಾ ಮಂತ್ರಿ?"

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಆ ನಗು ಕೇಳಿ ನಾನು ಕಣ್ಣೊರೆಸಿಕೊಂಡೆ. ಅವರು ಹೋದ ಮೇಲೆ ಒರೆಸಿ ಒಳಗಿಡು ಎಂದು ಅದನ್ನು ನನ್ನ ಕೈಗೇ ಕೊಟ್ಟ.

"ಇನ್ಮೇಲೆ ಏನಾದ್ರೂ ಮಾಡೋಕ್ ಮುಂಚೆ ಕೇಳು. ಮಾಡ್ಬುಟ್ರೆ ಅವತ್ತೇ ಹೇಳು."

ಟ್ರಂಕಿನ ಬೀಗದಕೈ ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಅವನು ಅದನ್ನು ವಾಪಸು ಕೇಳಲಿಲ್ಲ.