ಲಕ್ಷ್ಮೀದೇವಿ ಮೈಕಿಗೆ ಪರವಾನಗಿ ತಂದದ್ದು

ಹಳೇ ದಾಂಡೇಲಿಯ ಆ ಓಣಿಯಲ್ಲಿ ಲಕ್ಷ್ಮೀದೇವಿ ಜಗಳವನ್ನೂ ಪಿಸುದನಿಯಲ್ಲೇ ಆಡುತ್ತಿದ್ದಳು. ಗಂಡ ಉಳವಪ್ಪ ಕಾಗದದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು, ಎರಡು ರೊಟ್ಟಿ ತಿಂದು, ಊರೆಲ್ಲ ಏಳುವ ಹೊತ್ತಿಗೆ ಹಾಸಿಗೆ ಸೇರುವವನು. ಅವನ ನಿದ್ದೆ ಹಾಲಿನ ಮೇಲಿನ ಕೆನೆಯಂಥದು, ಊದಿದರೆ ಹರಿಯುವುದು. ಕಲಘಟಗಿಯ ತವರಿನಿಂದ ಬಂದ ವರ್ಷವೇ ಆಕೆ ಬಾಗಿಲ ಚಿಲಕಕ್ಕೆ ಅರಿವೆ ಸುತ್ತಿದಳು, ಕೊಡಗಳ ಕೆಳಗೆ ಸಿಂಬಿ ಇಟ್ಟಳು. ಮನೆ ಸುಮ್ಮನಾದ ಮೇಲೆ ಓಣಿಯತ್ತ ತಿರುಗಿದಳು. ಪಾತ್ರೆ-ಬಾಂಡೆ ಮಾರುವವನು ಅವಳ ಮನೆ ದಾಟುವ ತನಕ ಬಾಯಿ ಮುಚ್ಚಿರುತ್ತಿದ್ದ. ಗಣಪತಿ ಕೂಡಿಸುವ ಹುಡುಗರು ಹಾಡು ಹಚ್ಚುವ ಮೊದಲು ಅವಳ ಕಿಟಕಿ ನೋಡುತ್ತಿದ್ದರು. ಮೀರಿದವರ ಎದುರು ಆಕೆ ಸೆರಗು ಸಿಕ್ಕಿಸಿ ನಿಂತು, ತುಟಿ ಮಾತ್ರ ಅಲ್ಲಾಡುವಂತೆ ಬೈಯುತ್ತಿದ್ದಳು. ಕೂಗಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಬೈಸಿಕೊಂಡವರು ಹೇಳುತ್ತಾರೆ. ಕೇಳದವರ ಮೇಲೆ ಠಾಣೆಗೂ ಹೋಗಿದ್ದಳು.

ಎದುರು ಮನೆಯ ಶಾಂತಾದೇವಿ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಮಾತ್ರ ಆಕೆ ಬೈಯಲೂ ಇಲ್ಲ. ನೇರ ಹೋಗಿ ಮೈಕಿನ ವೈರು ಕಿತ್ತಳು. ಐಶ್ವರ್ಯಾ ಎಂಬ ಹೆಸರನ್ನು ತೊಟ್ಟಿಲ ಸುತ್ತ ನಿಂತವರಷ್ಟೇ ಕೇಳಿದರು. ಆಮೇಲೆ ಎರಡೂ ಮನೆಗಳ ನಡುವೆ ಹಬ್ಬಕ್ಕೆ ಅರಿಷಿಣ ಕುಂಕುಮ ನಡೆಯಿತು, ಮಾತು ಅಷ್ಟಕ್ಕಷ್ಟೇ. ಆ ಕೂಸು ಈಗ ಓದಿ ದೊಡ್ಡವಳಾಗಿದ್ದಾಳೆ.

ಈ ಸಲ ಉಳವಪ್ಪನ ನೌಕರಿ ಮುಗಿಯಿತು. ಕಡೆಯ ಪಾಳಿಯಿಂದ ಬಂದವನು ಮಲಗದೆ ಕಟ್ಟೆಯ ಮೇಲೆ ಬಿಸಿಲಿಗೆ ಕೂತ. ಸಾರಿಗೆ ಉಪ್ಪು ಕಡಿಮೆಯಾದರೂ ಕೇಳದ ಮನುಷ್ಯ, ಅಂದು ಕೇಳಿದ.

"ಗೆಳ್ಯಾರು ಸತ್ಕಾರ ಮಾಡ್ತಾರಂತ. ಹಾಲ್ ಬ್ಯಾಡಂದೆ. ನಮ್ಮ ಓಣ್ಯಾಗ ಪೆಂಡಾಲ ಹಾಕೂಣು. ಒಂದ ಸಲ ನನ್ನ ಹೆಸರು ಮೈಕಿನ್ಯಾಗ ಬರ್ಲಿ."

"ಈ ಓಣ್ಯಾಗ?"

"ಮತ್ತೆಲ್ಲೆ? ಇಷ್ಟ ವರ್ಷ ಇಲ್ಲೆ ಮಲಗೇನಿ. ನಾ ಎದ್ದಿದ್ದು ಯಾರಿಗೂ ಗೊತ್ತ ಇಲ್ಲ."

ಲಕ್ಷ್ಮೀದೇವಿ ಅಂದೇ ಅರ್ಜಿ ಬರೆಸಿದಳು. ರಸ್ತೆಗೆ ಪೆಂಡಾಲು ಹಾಕಲು ನಗರಸಭೆ ಒಪ್ಪಿತು. ಮೈಕಿಗೆ ಠಾಣೆಗೇ ಹೋಗಬೇಕು. ಹವಾಲ್ದಾರ ಮಹಾಬಳೇಶ್ವರ ಆಕೆಯನ್ನು ಕಂಡವನೇ ಪೆನ್ನು ಕೆಳಗಿಟ್ಟ.

"ಈ ಸಲ ಯಾರದ್ರೀ, ಅಕ್ಕಾರ?"

"ನಮ್ದ ರೀ."

"ನಿಮ್ಮ ಮ್ಯಾಲ ತಕರಾರಾ?"

"ತಕರಾರಲ್ರೀ ಸಾಹೇಬ್ರ. ಮೈಕ್ ಹಚ್ಚಾಕ ಪರವಾನಗಿ ಬೇಕಾಗಿತ್ತು."

ಅವನು ನಗು ತಡೆಯಲು ನೀರು ಕುಡಿದ. "ಆ ಓಣ್ಯಾಗ ತಕರಾರು ಕೊಡಾಕಿ ನೀವೊಬ್ಬಾಕಿ. ನೀವ ಮೈಕ್ ಹಚ್ಚಿದ್ರ ನಮಗ ಚಿಂತಿನ ಇಲ್ಲ ಬಿಡ್ರಿ. ರಾತ್ರಿ ಹತ್ತರ ಮ್ಯಾಲ ನಡ್ಯಾಂಗಿಲ್ಲ. ಸೌಂಡ್ ಸಣ್ಣದಿರ್ಬೇಕು. ಯಾವಾಗ ಐತಿ?"

"ರವಿವಾರ ಮುಂಜಾನಿ. ಊಟದ ತನಕ."

"ಹಗಲು ಹೊತ್ತು. ಯಾರಿಗೂ ತ್ರಾಸಿಲ್ಲ."

ಹೌದೆಂದು ಆಕೆಯೂ ತಲೆಯಾಡಿಸಿದಳು. ಮರುದಿನ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಕರೆಯಲು ಹೊರಟಳು. ಎದುರು ಮನೆಯ ಶಾಂತಾದೇವಿ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕಾಳು ಬಿದ್ದ ಸದ್ದಾಗದಿರಲೆಂದು ಪಾತ್ರೆಯ ತಳಕ್ಕೆ ಅರಿವೆ ಹಾಸಿದ್ದಳು. ಬಾಗಿಲು ಮುಂದಕ್ಕೆ ಎಳೆದಿತ್ತು. ಕಿಟಕಿಗೆ ಕರಿಯ ಚಾದರ.

ಲಕ್ಷ್ಮೀದೇವಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಐಶ್ವರ್ಯಾ?"

"ದವಾಖಾನ್ಯಾಗ ನರ್ಸ್ ಆಗ್ಯಾಳ. ನೈಟ್ ಡ್ಯೂಟಿ," ಎಂದಳು ಶಾಂತಾದೇವಿ, ಅವಳೂ ಪಿಸುದನಿಯಲ್ಲೇ. "ರವಿವಾರ ಮುಂಜಾನಿ ನಿಮ್ಮದು ಮೈಕ್ ಅಂತಲ್ಲ?"

"ಪರವಾನಗಿ ತಂದೇನಿ, ಶಾಂತಕ್ಕಾ."

"ತೊಟ್ಟಲದ ದಿನ ನಮ್ಮ ಕಡೇನೂ ಪರವಾನಗಿ ಇತ್ತು. ನೀ ಅದನ್ನ ಓದಿ ನೋಡಿ ವೈರು ಕಿತ್ತಿದ್ಯೇನು?" ಶಾಂತಾದೇವಿ ಒಂದು ಕಾಯಿಯನ್ನು ಎರಡಾಗಿ ಸೀಳಿದಳು. "ನಾನೂ ಬಂದು ಕೀಳ್ತೇನಿ. ನಿನ್ನ ಗಂಡನ ಹೆಸರು ಹೇಳೂ ಹೊತ್ತಿಗೇ ಬರ್ತೇನಿ."

ವಾದ ಮಾಡಬಹುದಿತ್ತು. ಆದರೆ ಆ ಕಿಟಕಿಯ ಹಿಂದೆ ಮಲಗಿರುವ ನಿದ್ದೆ ಎಂಥದೆಂದು ಇಡೀ ಓಣಿಯಲ್ಲಿ ಬಲ್ಲವಳು ಆಕೆಯೊಬ್ಬಳೇ. ಅದನ್ನು ಮರೆತು ಮುಂಜಾನೆಯ ಹೊತ್ತನ್ನು ಕೇಳಿ ಪಡೆದವಳೂ ಆಕೆಯೇ.

"ಎಷ್ಟಕ್ಕ ಏಳ್ತಾಳ?"

"ಸಂಜಿ ಐದಕ್ಕ. ಏಳಕ್ಕ ಡ್ಯೂಟಿಗೆ ಹೊಂಡ್ತಾಳ."

"ಹಂಗಾರ ಅಕಿ ಎದ್ದ ಮ್ಯಾಲ ಹಚ್ಚತೇವಿ. ಅಲ್ಲೀತನಕ ಒಂದ ತಂಬಗಿ ಸೈತ ಸಪ್ಪಳಾಗೂದಿಲ್ಲ."

"ನೋಡೂಣು," ಎಂದಳು ಶಾಂತಾದೇವಿ. ಆದರೂ ಕುಂಕುಮಕ್ಕೆ ಹಣೆ ಮುಂದೆ ಮಾಡಿದಳು.

ಮತ್ತೆ ಠಾಣೆ. "ಮಂದಿ ಟೈಮ್ ಜಾಸ್ತಿ ಕೊಡ್ರಿ ಅಂತ ಜಗಳಾಡ್ತಾರ," ಎಂದ ಮಹಾಬಳೇಶ್ವರ. "ಕಡಿಮಿ ಮಾಡಿಸ್ಕೊಳ್ಳಾಕ ಬಂದಾಕಿ ನೀವ ಮೊದಲು." ಸಂಜೆ ಐದರಿಂದ ಏಳರ ತನಕ ಎಂದು ಬದಲಿಸಿ, ಮುದ್ರೆ ಒತ್ತಿಕೊಟ್ಟ.

ರವಿವಾರ ಮಧ್ಯಾಹ್ನ ಓಣಿ ತುಂಬ ಕುರ್ಚಿ ಬಿದ್ದವು. ಯಂತ್ರದ ಸದ್ದಿನಲ್ಲಿ ಕೂಗಿ ಮಾತಾಡಿಯೇ ಅಭ್ಯಾಸವಾದ ಕಾರ್ಖಾನೆಯ ಗೆಳೆಯರು ಹುಗ್ಗಿ ಆಯಿತೋ ಇಲ್ಲವೋ ಎಂಬುದನ್ನು ಕಣ್ಸನ್ನೆಯಲ್ಲಿ ವಿಚಾರಿಸಿದರು. ಮೈಕಿನ ಸಚಿನ ಬಂದು ಲಕ್ಷ್ಮೀದೇವಿಯ ಕಿವಿಯ ಹತ್ತಿರ ಬಾಗಿದ. "ಅಕ್ಕಾರ, ಒಂದ ಸಲ ಹಲೋ ಅಂತೇನ್ರಿ, ಸಣ್ಣಗ."

"ಊಹೂಂ."

ಐದಾಯಿತು. ಎದುರು ಮನೆಯ ಬಾಗಿಲು ತೆರೆಯಲಿಲ್ಲ. ಅಡುಗೆಯವರ ಕೈಯಿಂದ ಸೌಟು ಜಾರಿ ಬಿದ್ದು ಇಡೀ ಪೆಂಡಾಲು ಉಸಿರು ಹಿಡಿಯಿತು. ಒಳಗಿಂದ ಏನೂ ಕೇಳಲಿಲ್ಲ. ಬಿಸಿಲು ಕಟ್ಟೆಯಿಂದ ಇಳಿದು ಗಟಾರದ ಅಂಚಿಗೆ ಬಂತು. ಮಾತಾಡಬೇಕಾದ ಹಿರಿಯರೊಬ್ಬರು ಎರಡು ಸಲ ಗಡಿಯಾರ ನೋಡಿದರು. ಶಾಂತಾದೇವಿ ಬೇಕೆಂದೇ ಎಬ್ಬಿಸುತ್ತಿಲ್ಲವೇ? ಹೋಗಿ ಬಾಗಿಲು ತಟ್ಟಿದರೆ ಕೊಟ್ಟ ಮಾತು ತಪ್ಪಿದಂತೆ. ತಟ್ಟದಿದ್ದರೆ ಗಂಡನ ಒಂದೇ ಆಸೆ ಮುಳುಗುತ್ತದೆ.

ಹೊಸ ಧೋತರ ಉಟ್ಟ ಉಳವಪ್ಪ ವೇದಿಕೆಯಿಂದ ಇಳಿದು ಬಂದ. "ಏನಾತು?"

"ಹುಡುಗಿ ಇನ್ನಾ ಎದ್ದಿಲ್ಲ ರೀ."

ಅವನು ಆ ಕಿಟಕಿಯನ್ನು ನೋಡಿದ. "ಮಲಗ್ಲಿ ಬಿಡು. ರಾತ್ರಿಯೆಲ್ಲಾ ದುಡದಾಕಿ," ಎಂದು ಹೆಂಡತಿಯ ಪಕ್ಕದ ಕುರ್ಚಿಯಲ್ಲೇ ಕೂತುಬಿಟ್ಟ. ಅವನ ಮುಖದಲ್ಲಿ ಬೇಸರವಿರಲಿಲ್ಲ.

ಆಗ ಬಾಗಿಲು ಕಿರುಗುಟ್ಟಿತು. ಕೆನ್ನೆಯ ಮೇಲೆ ದಿಂಬಿನ ಗೆರೆ, ಕೆದರಿದ ಕೂದಲು, ಐಶ್ವರ್ಯಾ ಆಕಳಿಸುತ್ತ ಹೊರಗೆ ಬಂದಳು. "ಯವ್ವಾ, ಓಣ್ಯಾಗ ಯಾರೂ ಇಲ್ಲೇನು? ಎಂಥಾ ನಿದ್ದಿ ಬಂತು..." ಎಂದು ಕಣ್ಣು ಬಿಟ್ಟರೆ ಪೆಂಡಾಲು ತುಂಬ ಜನ ಅವಳನ್ನೇ ನೋಡುತ್ತಿದ್ದರು. ಹುಡುಗಿ ಚೀರಿ ಒಳಗೆ ಓಡಿದಳು. ಅಷ್ಟು ಹೊತ್ತು ಕಟ್ಟಿಹಾಕಿದ್ದ ನಗು ಓಣಿಯ ಈ ತುದಿಯಿಂದ ಆ ತುದಿಗೆ ಹರಿಯಿತು.

ಶಾಂತಾದೇವಿ ಹೊಸ ಸೀರೆ ಉಟ್ಟೇ ಹೊರಗೆ ಬಂದಳು. "ಇನ್ನಾ ಏನ್ ನೋಡ್ತೀಯೋ ಸಚಿನ? ಹಚ್ಚು!" ಎಂದು ಕೂಗಿ, ಲಕ್ಷ್ಮೀದೇವಿಯ ಇನ್ನೊಂದು ಬದಿಯ ಖಾಲಿ ಕುರ್ಚಿಗೆ ಬಂದಳು. "ತಿಂಗಳಾದ ಮ್ಯಾಲ ಇವತ್ತ ಅಕಿ ಹೊಟ್ಟಿ ತುಂಬ ಮಲಗಿದ್ದು," ಎಂದಳು, ಬೇರೆ ಕಡೆ ನೋಡುತ್ತ. "ಎಬ್ಬಸಾಕ ಮನಸಾಗ್ಲಿಲ್ಲ."

ಮೈಕು ಒಮ್ಮೆ ಕೀರಲು ಹೊಡೆದು ಸರಿಹೋಯಿತು. ಉಳವಪ್ಪನ ಹೆಸರು ಹೆಂಚುಗಳ ಮೇಲಿಂದ ಹಾದು ಮುಂದಿನ ಓಣಿಗೂ ಹೋಯಿತು, ನಾಯಿಯೊಂದು ಬೊಗಳಿತು. ಅವನು ಗಡಬಡಿಸಿ ಎದ್ದು ವೇದಿಕೆಯತ್ತ ನಡೆದ. ಲಕ್ಷ್ಮೀದೇವಿಗೆ ಮುಂಜಾನೆಯಿಂದ ತಾನು ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು.

"ಶಾಂತಕ್ಕಾ, ಹುಗ್ಗಿ ತರಸ್ಲಿ?"

"ತರಸು. ತುಪ್ಪ ಜಾಸ್ತಿ ಹಾಕಾಕ ಹೇಳು."